ನೆಗೆಣ್ಣಿಯ ಕೈಕೆಳಗೆ

ನನ್ನ ಮೈದುನನ ಹೆಂಡತಿಗೆ ನಾಡಿ ಹಿಡಿಯುವುದನ್ನು ಕಲಿಸಿದವಳು ನಾನು. ಅವಳು ಗೋಕಾಕದ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಮರಾಠಿ ಬಾರದೆ ತರಕಾರಿಯವನ ಮುಂದೆ ಬೆರಳು ತೋರಿಸಿ ನಿಲ್ಲುತ್ತಿದ್ದಳು. ನಾನಾಗ ಯೆರವಡಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಮನೆಯಲ್ಲಿ ಕುಳಿತು ಬೇಜಾರು ಮಾಡಿಕೊಳ್ಳುವುದು ಬೇಡವೆಂದು ನಾನೇ ಅವಳನ್ನು ಕರೆದುಕೊಂಡು ಹೋಗಿ ನಾನು ಕಲಿತ ಕೋರ್ಸಿಗೇ ಸೇರಿಸಿದೆ. ರಾತ್ರಿ ಊಟವಾದ ಮೇಲೆ ನನ್ನ ತೋಳನ್ನೇ ಚಾಚಿ ಅವಳಿಗೆ ಬಿ.ಪಿ. ಪಟ್ಟಿ ಕಟ್ಟಲು ಕೊಡುತ್ತಿದ್ದೆ.

ಅವಳು ಪಾಸಾಗಿ ವಿಮಾನ ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಹಿಡಿದ ಮಳೆಗಾಲದಲ್ಲೇ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು. ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಹಿರಿಸೊಸೆ ನಾನು, ಕೆಲಸ ಬಿಟ್ಟಿದ್ದು ನಾನು. ಯಾರೂ ಬಿಡು ಅನ್ನಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

ಅಲ್ಲಿಂದ ಮುಂದೆ ಅತ್ತೆಯ ಮೈ ನನ್ನ ಕೈಯಲ್ಲಿತ್ತು. ಹೊರಳಿಸುವುದು, ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು. ಅವರ ಬೆನ್ನಿಗೆ ಒಂದು ದಿನವೂ ಹುಣ್ಣಾಗಲು ಬಿಡಲಿಲ್ಲ. ಆದರೆ ಅವರು ಕಾಯುತ್ತಿದ್ದದ್ದು ನನ್ನ ನೆಗೆಣ್ಣಿಗಾಗಿ. ಪಕ್ಕದ ಓಣಿಯಲ್ಲೇ ಬೇರೆ ಮನೆ ಮಾಡಿದ್ದ ಅವಳು ರಜೆಯ ದಿನ ಬರುತ್ತಿದ್ದಳು. ಇಸ್ತ್ರಿ ಮಾಡಿದ ಡ್ರೆಸ್ಸು, ಮೆತ್ತನೆಯ ಬಿಳಿ ಬೂಟು. ಬಂದವಳೇ ಅತ್ತೆಯ ಕಣ್ಣರೆಪ್ಪೆ ಎಳೆದು ನೋಡಿ, "ಚೊಲೊ ಅದಾರ" ಅನ್ನುತ್ತಿದ್ದಳು. ಅಷ್ಟಕ್ಕೇ ಅತ್ತೆಯ ಮುಖ ಅರಳುತ್ತಿತ್ತು. ಒಮ್ಮೆ ಆಸ್ಪತ್ರೆಯವರೆಲ್ಲ ಸೇರಿ ಲೋಣಾವಳಾಕ್ಕೆ ಹೋಗಿದ್ದರೆಂದು ಚಿಕ್ಕಿ ತಂದಳು. ಹಲ್ಲಿಲ್ಲದ ಅತ್ತೆ ಅದನ್ನು ಬಾಯಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಚೀಪಿದರು. ನಾನು ಕಲಸಿಕೊಟ್ಟ ಮೊಸರನ್ನವನ್ನು ಆ ದಿನ ಮುಟ್ಟಲಿಲ್ಲ.

ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ. "ಅತ್ತಿ, ಆಕಿ ಬಂದ್ರ ಅಷ್ಟು ಖುಷಿ ಯಾಕ ನಿಮಗ?"

ಅವರು ತೊದಲುತ್ತ, "ಆಕಿ ನರ್ಸ್ ಅಲ್ಲೇನವಾ" ಎಂದರು. "ನೀ ಮನೀ ಹೆಣ್ಣಮಗಳು."

ಪ್ರೀತಿಯಿಂದಲೇ ಅಂದದ್ದು. ಆದರೂ ಬಚ್ಚಲಿಗೆ ಹೋಗಿ ಅವರ ಬಟ್ಟೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡಿದೆ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮನೆ ಖಾಲಿ ಅನ್ನಿಸತೊಡಗಿದಾಗ ಮತ್ತೆ ಕೆಲಸಕ್ಕೆ ಹೋಗುವ ಮನಸ್ಸಾಯಿತು. ನನ್ನ ಪ್ರಮಾಣಪತ್ರದ ಅವಧಿ ಎಂದೋ ಮುಗಿದಿತ್ತು. ನವೀಕರಿಸಲು ಕೆಲಸ ಮಾಡಿದ ಪುರಾವೆ ಬೇಕು. ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸಿಗೆ ಅತ್ತೆಯ ವಿಷಯವನ್ನೆಲ್ಲ ನನ್ನ ಅರೆಬರೆ ಗಡಿಬಿಡಿಯ ಮರಾಠಿಯಲ್ಲಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಘರಚಂ ಕಾಮ ಧರತ ನಾಹೀತ, ತಾಈ," ಎಂದಳು.

ಮನೆಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುರಾವೆ ಇಲ್ಲದಿದ್ದರೆ ಮರುತರಬೇತಿ ಮಾಡಬೇಕು, ಆಮೇಲೆ ಪರೀಕ್ಷೆ. ತರಬೇತಿ ಕೊಡುವ ಆಸ್ಪತ್ರೆಗಳಲ್ಲಿ ನಮಗೆ ಹತ್ತಿರವಿದ್ದದ್ದು ವಿಮಾನ ನಗರದ್ದು, ನನ್ನ ನೆಗೆಣ್ಣಿ ಕೆಲಸ ಮಾಡುವುದು. ಅಷ್ಟರಲ್ಲಿ ಅವಳು ಅಲ್ಲಿ ವಾರ್ಡಿನ ಅಸಿಸ್ಟೆಂಟುಗಳಿಗೆಲ್ಲ ಮೇಲ್ವಿಚಾರಕಿಯಾಗಿದ್ದಳು. ತರಬೇತಿಗೆ ಬಂದವರನ್ನು ನೋಡಿಕೊಳ್ಳುವುದೂ ಅವಳದೇ ಕೆಲಸ.

ಮೊದಲ ದಿನ ನಮಗೆಲ್ಲ ಹಳದಿ ಏಪ್ರನ್ ಕೊಟ್ಟರು. ನನ್ನ ಜೊತೆಯ ಹುಡುಗಿಯರು ನನ್ನ ಮಗಳ ಓರಗೆಯವರು. ಅವರಂತೆ ನಾನೂ ಗೋಡೆಗೆ ಸಾಲಾಗಿ ನಿಂತೆ. ನೆಗೆಣ್ಣಿ ಬಂದು ಎಲ್ಲರಿಗೂ ಒಂದೇ ದನಿಯಲ್ಲಿ ಮರಾಠಿಯಲ್ಲಿ ಮಾತಾಡಿದಳು. ಎಂಥ ಮರಾಠಿ! ಪೇಟೆಯಲ್ಲಿ ಬೆರಳು ತೋರಿಸುತ್ತಿದ್ದವಳು ಇವಳೇನಾ ಅನ್ನಿಸಿತು. ನನ್ನ ಮುಂದೆ ಬಂದಾಗ ಮಾತ್ರ ದನಿ ಇಳಿಸಿ, "ಅಕ್ಕಾರ, ಬಳಿ ತೆಗೀಬೇಕಾಗ್ತದ್ರಿ" ಎಂದಳು. ಮೊಣಕೈಯಿಂದ ಕೆಳಗೆ ಏನೂ ಇರಬಾರದು, ಅದು ನಿಯಮ. ನನಗೂ ಗೊತ್ತಿತ್ತು, ಮರೆತಿದ್ದೆ. ಅವಳು ನೋಡುತ್ತಿರುವಂತೆಯೇ ಒಂದೊಂದಾಗಿ ಕಳಚಿದೆ.

ಆ ವಾರಗಳಲ್ಲಿ ನಾನು ರೋಗಿಗಳಿಗಿಂತ ಹೆಚ್ಚಾಗಿ ಅವಳನ್ನೇ ನೋಡಿದೆ. ಡಾಕ್ಟರು ಅವಳನ್ನು ಹೆಸರು ಹಿಡಿದು ಕರೆಯುವುದು. ಕ್ಯಾಂಟೀನಿನಲ್ಲಿ ನಮ್ಮ ಕರಾವಳಿ ಕಡೆಯ ಮಾಲೀಕರು ಕೇಳದೆಯೇ ಅವಳ ಮುಂದೆ ಇಡ್ಲಿಯ ತಟ್ಟೆ ಇಡುವುದು. ಅವಳು ನಕ್ಕರೆ ಪಕ್ಕದ ಮೇಜಿನವರೂ ನಗುವುದು. ಈ ನಗು ನನ್ನದಾಗಬೇಕಿತ್ತು ಅಂದುಕೊಳ್ಳುತ್ತಿದ್ದೆ. ಈ ಇಡ್ಲಿ ಕೂಡ. ನಾನು ಅವಳ ಕೈಹಿಡಿದು ಆ ಕೋರ್ಸಿನ ಬಾಗಿಲಿಗೆ ಕರೆದೊಯ್ಯದಿದ್ದರೆ ಅತ್ತೆಯ ಮಂಚದ ಪಕ್ಕ ಅವಳಿರುತ್ತಿದ್ದಳು ಎಂಬ ಯೋಚನೆ ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಸಿಸ್ಟರ್ ಬಂದಿದ್ದರು. ಅವರ ಪಕ್ಕ ನೆಗೆಣ್ಣಿ. ಏಳಲಾಗದ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸಬೇಕು. ನಾನು ಕತ್ತಿನ ಕೆಳಗೆ ಒಂದು ಕೈ, ಮೊಣಕಾಲಿನ ಕೆಳಗೆ ಒಂದು ಕೈ ಹಾಕಿ ಎತ್ತಿ ಕೂರಿಸಿಯೇಬಿಟ್ಟೆ. ಅತ್ತೆಯನ್ನು ದಿನಾ ಹಾಗೇ ಕೂರಿಸುತ್ತಿದ್ದೆ. ಏನನ್ನೋ ಬರೆಯುತ್ತಿದ್ದ ಹಿರಿಯ ಸಿಸ್ಟರ್ ಮುಂದಿನವಳನ್ನು ಕರೆಯಲು ತಲೆ ಎತ್ತಿದರು. ಆಗ ನೆಗೆಣ್ಣಿ ಮೆಲ್ಲಗೆ ಹೇಳಿದಳು.

"ಏಕಟೀನೇ ಉಚಲಲಂ, ಮ್ಯಾಡಂ."

ಒಬ್ಬಳೇ ಎತ್ತಿದಳು ಎಂದು. ಅಂಥ ರೋಗಿಯನ್ನು ಇಬ್ಬರು ಸೇರಿಯೇ ಎತ್ತಬೇಕು. ನಾನು ಫೇಲಾದೆ.

ಮನೆಗೆ ಬಂದಾಗ ಗಂಡ, "ಆಕಿ ಆ ಒಂದ್ ಮಾತು ಆಡದ ಸುಮ್ನ ಇದ್ದಿದ್ರ ಏನಾಗ್ತಿತ್ತು?" ಎಂದರು. ನನಗೂ ಅದೇ ಸಂಕಟ. ಯುಗಾದಿಗೆ ಅವಳ ಮನೆಯಿಂದ ಹೋಳಿಗೆ ಬಂತು, ನಾನು ತಿನ್ನಲಿಲ್ಲ. ಅವಳ ಫೋನು ಎತ್ತಲಿಲ್ಲ.

ಮರುಪರೀಕ್ಷೆಗೆ ಇನ್ನೂ ಕೆಲವು ದಿನಗಳಿರುವಾಗ ಒಂದು ಬೆಳಿಗ್ಗೆ ಅವಳೇ ಬಂದಳು. ಬೂಟು ಬಾಗಿಲಲ್ಲಿ ಬಿಟ್ಟು ನೇರ ಒಳಕೋಣೆಗೆ ಹೋಗಿ ಅತ್ತೆಯ ಮಂಚದ ಮೇಲೆ ಅಂಗಾತ ಮಲಗಿದಳು.

"ಇದೇನಿದು?" ಎಂದೆ.

"ನಾ ರೋಗಿ ರೀ. ಹೊರಳಸರಿ."

"ನಿನ್ನ ಉಪಕಾರ ಬ್ಯಾಡ ನನಗ."

"ಉಪಕಾರ ಅಲ್ರಿ. ನೀವು ನನಗ ತೋಳು ಕೊಟ್ಟಿರಲಿಲ್ಲೇನು?" ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಸಿಟ್ಟಿದ್ರ ಇರ್ಲಿ. ಕೈ ಹಚ್ಚರಿ ಮೊದಲ."

ಹೊರಳಿಸಿದೆ. ಸೊಂಟಕ್ಕೆ ಕೈಯಿಟ್ಟಾಗ ಡ್ರೆಸ್ಸಿನ ಕೆಳಗೆ ಏನೋ ಗಟ್ಟಿಯಾಗಿ ತಗುಲಿತು. ಬೆನ್ನಿನ ಬೆಲ್ಟು. ಯಾಕೆ ಎಂದು ಕೇಳಿದೆ. ಮೊದಲ ವರ್ಷ ಒಬ್ಬ ದಪ್ಪ ಮನುಷ್ಯನನ್ನು ಒಬ್ಬಳೇ ಎತ್ತಿ ಬೆನ್ನು ಹಿಡಿದುಕೊಂಡಿತ್ತಂತೆ. ಅಂದಿನಿಂದ ನೋವು ಬಿಟ್ಟಿಲ್ಲ. ಮನೆಯಲ್ಲಿ ಹೇಳಿದರೆ ಕೆಲಸ ಬಿಡು ಅನ್ನುತ್ತಾರೆಂದು ಮೈದುನನ ಹೊರತು ಯಾರಿಗೂ ಹೇಳಿರಲಿಲ್ಲ.

"ಅದಕ್ಕ ಅಂದೆ ಅವತ್ತು," ಎಂದಳು. "ನಿಮ್ಮ ಬೆನ್ನು ಹ್ವಾದ್ರ ಯಾರು ನೋಡ್ತಾರ್ರಿ?"

ನನಗೆ ತಕ್ಷಣ ಮನಸ್ಸು ಕರಗಿತೆಂದು ಬರೆದರೆ ಸುಳ್ಳಾದೀತು. ಬೆನ್ನು ನೋವಿನಲ್ಲೂ ಇವಳೇ ನನಗಿಂತ ಮುಂದೆ ಎಂಬ ಹುಚ್ಚು ಯೋಚನೆ ಬಂತು. ಆದರೂ ಕಲಿತೆ. ನನ್ನ ಮಗಳನ್ನು ಎರಡನೆಯವಳಾಗಿ ನಿಲ್ಲಿಸಿಕೊಂಡು ಮಧ್ಯಾಹ್ನದವರೆಗೂ ನೆಗೆಣ್ಣಿಯನ್ನು ಎತ್ತಿ ಕೂರಿಸಿದೆವು, ಮಲಗಿಸಿದೆವು. ಕೊನೆಗೆ ಮಲಗಿಸಿದಾಗ ಅವಳಿಗೆ ನಿದ್ದೆಯೇ ಹತ್ತಿಬಿಟ್ಟಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಏಳಿಸಲಿಲ್ಲ. ಅವಳ ಪಾಲಿನ ಜುಣಕ, ಭಕ್ಕರಿ ಮುಚ್ಚಿಟ್ಟೆ.

ಮರುಪರೀಕ್ಷೆಯಲ್ಲಿ ಪಾಸಾದೆ. ಪ್ರಮಾಣಪತ್ರ ಮತ್ತೆ ಚಾಲ್ತಿಗೆ ಬಂತು. ವಿಮಾನ ನಗರದಲ್ಲೇ ಇನ್ನೊಂದು, ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಈಗ ಇಬ್ಬರೂ ಬೆಳಗಿನ ಪಾಳಿಯಿದ್ದರೆ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಅವಳ ಬೂಟು ನೋಡಿದರೆ ನನಗೆ ಈಗಲೂ ಒಳಗೆ ಚುರ್ ಅನ್ನುತ್ತದೆ. ಅಂಥದ್ದೇ ಕೊಳ್ಳಬಹುದಿತ್ತು, ಬೇಕೆಂದೇ ಬೇರೆ ಬಣ್ಣದ್ದು ಕೊಂಡೆ.

ಮೊನ್ನೆ ಬಸ್ಸಿನಲ್ಲಿ ಅವಳಿಗೊಂದು ಸುದ್ದಿ ಹೇಳಿದೆ. ನಮ್ಮ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿ ಮನೆಗೆ ಹೋಗುವ ದಿನ, ಈ ಹೆಂಗಸನ್ನೂ ನನ್ನ ಜೊತೆ ಕಳಿಸಿರಿ ಎಂದು ಡಾಕ್ಟರ ಮುಂದೆ ನನ್ನ ಕೈ ಹಿಡಿದು ಹಟ ಮಾಡಿದ್ದರು. ಎಲ್ಲರೂ ನಕ್ಕಿದ್ದರು. ನಾನು ಹೇಳುತ್ತಿದ್ದಂತೆ ನೆಗೆಣ್ಣಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಕಿಟಕಿಯ ಕಡೆ ತಿರುಗಿದಳು.

"ಭಾಳ ಚೊಲೊ ಆತ್ ಬಿಡ್ರಿ," ಎಂದಳು. ಮಡಿಲಿನ ಚೀಲ ಸರಿಪಡಿಸಿಕೊಳ್ಳುತ್ತ, "ಇಷ್ಟ್ ವರ್ಷದಾಗ ನನಗ ಯಾರೂ ಹಂಗ ಅಂದಿಲ್ಲ ನೋಡ್ರಿ."

ಅವಳ ದನಿಯಲ್ಲಿದ್ದದ್ದು ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಸ್ಟಾಪು ಬಂತು, ಇಳಿದು ಹೋದಳು. ಆ ದಿನ ಮಧ್ಯಾಹ್ನ ನನಗೆ ಊಟ ತುಂಬ ರುಚಿಸಿತು.