ತೂಕದ ಬಾಯಾರು

ಮೊನ್ನೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದೆ. ಹಿತ್ತಲ ಒಲೆಯ ಮೇಲೆ ಕೂಸಿನ ಬಟ್ಟೆಗಳನ್ನು ಸೋಡಾ ಹಾಕಿ ಕುದಿಸುತ್ತಿದ್ದರು. ಆ ಹಬೆ ಮುಖಕ್ಕೆ ಬಡಿದದ್ದೇ ತಡ, ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಕರೆದರು. ಆಮೇಲೆ ಬರ್ತೇನಿ ಎಂದು ಮನೆಗೆ ತಿರುಗಿದೆ.

ತೂಕದ ಬಾಯಾರ ಜೋಳಿಗೆಗೆ ಇದೇ ವಾಸನೆ ಇತ್ತು...

ಎಪ್ಪತ್ತರ ದಶಕದ ಮಾತು. ನಾನು ಯಂಕಂಚಿಯಿಂದ ತಾಂಬಾಕ್ಕೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಹತ್ತು ತಿಂಗಳ ಮಗಳಿದ್ದಳು. ಮಕ್ಕಳ ಆರೋಗ್ಯದ ಸಂಶೋಧನೆ ಮಾಡುವ ದೂರದ ಊರಿನ ಸಂಸ್ಥೆಯೊಂದು ಇಂಡಿಯಲ್ಲಿ ಬಾಡಿಗೆ ಮನೆ ಹಿಡಿದು ನಮ್ಮ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿತ್ತು. ಮಕ್ಕಳು ಯಾವಾಗ ಸೊರಗುತ್ತವೆ, ಯಾಕೆ ಸೊರಗುತ್ತವೆ ಎಂದು ತಿಳಿಯುವುದು ಅವರ ಉದ್ದೇಶ. ಅದಕ್ಕೆಂದು ಐದು ವರ್ಷದೊಳಗಿನ ಪ್ರತಿಯೊಂದು ಮಗುವನ್ನೂ ತಿಂಗಳಿಗೊಮ್ಮೆ ತೂಗಿ, ಕಾರ್ಡಿನ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯುತ್ತಿದ್ದರು. ಗೆರೆ ಎರಡು ತಿಂಗಳು ಇಳಿದರೆ ಜೀಪು ಬಂದು ಮಗುವನ್ನು ಬಿಜಾಪುರದ ಆಸ್ಪತ್ರೆಗೆ ಒಯ್ಯುತ್ತಿತ್ತು.

ತೂಗಲು ಬರುತ್ತಿದ್ದವರೇ ಬಾಯಾರು; ಕಲಿತ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ನರ್ಸ್ ಕಲಿತವರು, ಧಾರವಾಡದ ಕಡೆಯವರು, ಇಂಡಿಯಲ್ಲಿ ಒಬ್ಬರೇ ಇರುತ್ತಿದ್ದರು. ಗುಡಿಯ ಮುಂದಿನ ಬೇವಿನ ಟೊಂಗೆಗೆ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಸೋಡಾದಲ್ಲಿ ಕುದಿಸಿ ಒಗೆದ ಬಿಳಿ ಬಟ್ಟೆಯ ಜೋಳಿಗೆ ಸಿಕ್ಕಿಸಿ ಮಕ್ಕಳನ್ನು ಒಂದೊಂದಾಗಿ ಕೂರಿಸುತ್ತಿದ್ದರು.

"ಬಾಯಾರ, ನಮ್ಮ ಎಮ್ಮಿಗೂ ಒಂದು ಕಾರ್ಡ ಮಾಡ್ರಿ, ಬಾಳ ಸೊರಗೇತಿ," ಎಂದು ಎದುರು ಮನೆಯ ಮುದುಕಿ ಕಾಡುತ್ತಿದ್ದಳು.

"ಐದು ವರ್ಷದ ಒಳಗಿದ್ರ ಹೊಡಕೊಂಡ ಬಾ ಆಯಿ. ಜೋಳಿಗ್ಯಾಗ ಕುಂದರಸೂದು ಮಾತ್ರ ನಿನ್ನ ಕೆಲಸ," ಎನ್ನುತ್ತಿದ್ದರು ಬಾಯಾರು, ಮುಖದಲ್ಲಿ ನಗು ಕಾಣಿಸದೆ.

ನಮ್ಮಲ್ಲಿ ಕೂಸಿನ ನಡು ಬರಿದು ಮಾಡುವುದಿಲ್ಲ. ಬೆಳ್ಳಿಯ ಉಡದಾರ ಬಿಚ್ಚಿದರೆ ದೃಷ್ಟಿಯಾಗುತ್ತದೆ ಎಂದು ಹೆಂಗಸರೆಲ್ಲ ಹಟ ಹಿಡಿದಾಗ ಬಾಯಾರೇ ಒಂದು ದಾರಿ ಹುಡುಕಿದರು. ಪ್ರತಿ ಮನೆಯ ಉಡದಾರವನ್ನು ಒಮ್ಮೆ ಮಾತ್ರ ತೂಗಿ ಬರೆದುಕೊಂಡು, ಅಷ್ಟನ್ನು ತಿಂಗಳು ತಿಂಗಳು ಕಳೆಯುತ್ತಿದ್ದರು. ಅದಕ್ಕೆ ಊರಲ್ಲಿ 'ಬೆಳ್ಳಿ ಮಾಫಿ' ಎಂದು ಹೆಸರು ಬಿತ್ತು. ಅವರ ಮೇಲಿನವರು ಇದಕ್ಕೆ ಒಪ್ಪಿರಲಿಲ್ಲವಂತೆ. ಬಾಯಾರು ನಮ್ಮ ಮೇಲೆ ನಂಬಿಕೆ ಇಟ್ಟು ಹಾಗೆ ಮಾಡಿದ್ದರು.

ತೂಗಿದ ಮೇಲೆ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿ ಬರೆಯುವುದು ಅವರ ಪದ್ಧತಿ. ನನಗೆ ಅದೇ ಭಯ. ಮಗಳಿಗೆ ದಡಾರ ಬಂದು ಹೋದ ಮೇಲೆ ಹೊಟ್ಟೆ ಕೆಟ್ಟು, ಆ ತಿಂಗಳು ತೂಕ ಇಳಿದಿತ್ತು. ಅತ್ತೆ ಕಟ್ಟೆಯ ಮೇಲೆ ಕೂತೇ ಅಂದಿದ್ದರು, "ಯಂಕಂಚಿ ಹಾಲಿನ್ಯಾಗ ಬರೇ ನೀರ ಐತೇನ ಮತ್ತ?" ಹೆಂಗಸರೆಲ್ಲ ನಕ್ಕರು. ಬಾಯಾರು ನಗಲಿಲ್ಲ. "ಹಾಲು ಬಿಡಸಬ್ಯಾಡವಾ, ಕುಡಸಕೋತ ಇರು. ಮುಂದಿನ ತಿಂಗಳ ನೋಡೂಣು," ಎಂದರು.

ಮುಂದಿನ ತಿಂಗಳು ಮಗಳು ಇನ್ನೂ ಹಗುರಾಗಿದ್ದಳು. ಎತ್ತಿಕೊಂಡ ಕೈಗೆ ಅದು ತಿಳಿದಿತ್ತು. ಆದರೂ ತವರಿನಿಂದ ತಂದಿದ್ದ ಇನ್ನೊಂದು ದಪ್ಪ ಉಡದಾರವನ್ನು ಪೆಟ್ಟಿಗೆಯಿಂದ ತೆಗೆದೆ. ಅಂಗಿಯ ಕೆಳಗೆ, ಮೊದಲಿನದರ ಮೇಲೆ ಕಟ್ಟಿದೆ. ಬಾಯಾರು ಅಂಕಿ ಹೇಳಿದರು. ಇಳಿದಿರಲಿಲ್ಲ. "ಚಲೋ ಆತವಾ," ಎಂದು ನನ್ನ ಬೆನ್ನು ತಟ್ಟಿದರು. ಅವತ್ತು ಅತ್ತೆಯ ಕೊಂಕು ತಪ್ಪಿತು. ಅದರ ಮುಂದಿನ ತಿಂಗಳು ಕಾಲಿಗೆ ಬೆಳ್ಳಿ ಕಡಗವನ್ನೂ ಹಾಕಿ, ಉದ್ದನೆಯ ಅಂಗಿ ತೊಡಿಸಿದೆ.

ಮರುತಿಂಗಳು ಮಗಳು ಅಳುವುದನ್ನೇ ಬಿಟ್ಟಿದ್ದಳು. ಅವತ್ತು ಬಾಯಾರು ನನ್ನ ಕೈಯಿಂದ ತಾವೇ ಅವಳನ್ನು ಎತ್ತಿಕೊಂಡರು. ಜೋಳಿಗೆಗೆ ಇಡುವ ಮುಂಚೆಯೇ ಅವರ ಕೈ ನಿಂತಿತು. ಅಂಗಿ ಎತ್ತಿ ನೋಡಿದರು. ನನ್ನ ಮುಖ ನೋಡಿದರು. ಆ ದಿನ ಅಂಕಿ ಹೇಳಲಿಲ್ಲ. "ಈಗ ಬಿಜಾಪುರಕ್ಕ ಹೋಗೂಣು ನಡಿ," ಎಂದಷ್ಟೇ ಹೇಳಿ ತಾವು ಬಂದ ಜೀಪಿನಲ್ಲಿ ನನ್ನನ್ನು ಕೂರಿಸಿದರು. ದಾರಿಯುದ್ದಕ್ಕೂ ಚಮಚದಿಂದ ಅವಳಿಗೆ ಸಕ್ಕರೆ ಉಪ್ಪಿನ ನೀರು ಹಾಕುತ್ತಿದ್ದರು. ಅರ್ಧ ಹೊರಗೇ ಹರಿಯುತ್ತಿತ್ತು...

ಐದನೆಯ ದಿನ ಮಗಳು ಹೋದಳು.

ಕೆಲವು ದಿನಗಳ ಮೇಲೆ ಬಾಯಾರು ಕಾರ್ಡು ಹಿಡಿದುಕೊಂಡು ಮನೆಗೆ ಬಂದರು. ಆ ಉಡದಾರ, ಕಡಗಗಳನ್ನು ಕೇಳಿದರು. ತಂದುಕೊಟ್ಟೆ. ನಮ್ಮ ಪಡಸಾಲೆಯಲ್ಲಿ ಕೂತು ತೂಗಿ ನನಗೆ ಮರಳಿಸಿ, ಹಿಂದಿನ ಎರಡು ತಿಂಗಳ ಅಂಕಿಯಿಂದ ಕಳೆದು, ಹಳೆಯ ಗೆರೆ ಹೊಡೆದುಹಾಕಿ ಹೊಸದಾಗಿ ಎಳೆದರು. ಅದು ಒಂದೇ ಸಮನೆ ಕೆಳಗೆ ಇಳಿಯಿತು. ಜೀಪು ಎಂದೋ ಬರಬೇಕಾಗಿತ್ತು.

"ಏನ ಬರದ್ರಿ ಬಾಯಾರ?" ಆಗಷ್ಟೇ ಹೊರಗಿಂದ ಬಂದು ಕೂತ ಅತ್ತೆ ಕೇಳಿದರು.

ಅವರು ನನ್ನ ಕಡೆ ನೋಡಿದರು. ನಾನು ಕಂಬ ಹಿಡಿದು ನಿಂತಿದ್ದೆ.

"ನನ್ನ ತಪ್ಪು ಬರದೇನ್ರಿ, ಅಮ್ಮಾರ. ಅಂಗಿ ಎತ್ತಿ ನೋಡಲಾರದ ತೂಗೇನಿ."

ಅತ್ತೆ ಎದ್ದು ನಿಂತರು. "ಹಂಗಾರ ನಮ್ಮ ಕೂಸಿನ್ನ ಕೊಂದಾಕಿ ನೀನ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಜನ ಕೂಡಿದರು. ಬಾಯಾರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಬಾಯಿ ಬಿಟ್ಟಿದ್ದರೆ ಒಂದೇ ಮಾತು ಸಾಕಾಗುತ್ತಿತ್ತು. ಬಿಡಲಿಲ್ಲ. ಹೋಗುವಾಗ ನನ್ನ ಹತ್ತಿರ ನಿಂತು, "ನೀ ಇನ್ನ ಈ ಮನ್ಯಾಗ ಬಾಳೇ ಮಾಡಬೇಕಲ್ಲವಾ," ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಇಳಿದರು.

ಆಮೇಲೆ ಊರಲ್ಲಿ ಯಾರೂ ಅವರ ಕೈಗೆ ಕೂಸು ಕೊಡಲಿಲ್ಲ. ಸಂಸ್ಥೆಯವರು ಬೇರೊಬ್ಬರನ್ನು ಕಳಿಸಿದರು. ಹೊಸಬರು ಬೆಳ್ಳಿಯನ್ನೆಲ್ಲ ಬಿಚ್ಚಿಸಿ, ತಾಯಿಯ ಕೈಗೆ ಕೊಟ್ಟು ತೂಗತೊಡಗಿದರು. ನಂತರ ಹುಟ್ಟಿದ ನನ್ನ ಇಬ್ಬರು ಗಂಡುಮಕ್ಕಳೂ ಹಾಗೆಯೇ ತೂಗಿಸಿಕೊಂಡು ಬೆಳೆದರು. ಯಾರಿಗೂ ದೃಷ್ಟಿಯಾಗಲಿಲ್ಲ.

ಹೋದ ವರ್ಷ ಬಸವನ ಬಾಗೇವಾಡಿಯ ಒಂದು ಮದುವೆಯಲ್ಲಿ ಆಗಿನ ಜೀಪಿನ ಡ್ರೈವರ್ ಸಿಕ್ಕರು. ಬಾಯಾರು ತೀರಿಕೊಂಡು ಬಹಳ ವರ್ಷವಾಯಿತು ಎಂದರು. "ಕಡೀತನಕ ಒಬ್ರ ಇದ್ರು ನೋಡ್ರಿ. ತಾಂಬಾದ ಸುದ್ದಿ ತಗದ್ರ ಎದ್ದ ಹೋಗತಿದ್ರು."

ಆ ಕಾರ್ಡು ಈಗ ಯಾವ ಊರಿನ ಯಾವ ಕಪಾಟಿನಲ್ಲಿದೆಯೋ... ಅದರಲ್ಲಿ ತೂಗಿದವರ ತಪ್ಪು ಎಂದೇ ಇರಬೇಕು. ಅತ್ತೆ ಇಲ್ಲ, ನಮ್ಮ ಯಜಮಾನರೂ ಇಲ್ಲ. ಅವರಿಬ್ಬರಿಗೂ ನಾನು ಹೇಳಲಿಲ್ಲ. ಆ ಬೆಳ್ಳಿ ಕಟ್ಟಿದವಳು ನಾನೇ ಎಂದು ಬಲ್ಲವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಇದ್ದೇನೆ.