ಎಲ್ಮಾ ಕ್ವಾಂಗ್ ಹುಡುಕಿದ ಜಾಡಿ

ಎಲ್ಮಾ ಕ್ವಾಂಗ್ ಅವರಿಗೆ ಚಿತ್ರಕಲೆ ಎಂದರೆ ಪ್ರಾಣ ಎಂದು ಮೆಲ್ಬರ್ನ್ ಕಡೆಯ ಚಿನ್ನದ ಗಣಿಯ ಊರಾದ ಬೆಂಡಿಗೋದಲ್ಲಿ ಅರ್ಧ ಜನ ನಂಬಿದ್ದರು. ನಾನೂ ನಂಬಿದ್ದೆ. ಹತ್ತೊಂಬತ್ತು ವರ್ಷ ಟ್ರೆಲೋರ್ ಹೌಸ್ ಮ್ಯೂಸಿಯಂನಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತವನು ನಾನು. ಯಾರು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನೋಡುವುದೇ ನನ್ನ ಕೆಲಸ. ಎಲ್ಮಾ ಯಾವ ಚಿತ್ರದ ಮುಂದೆಯೂ ನಿಲ್ಲುತ್ತಿರಲಿಲ್ಲ ಎಂಬುದು ಮಾತ್ರ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಅವರು ನೋಡುತ್ತಿದ್ದದ್ದು ಮೂಲೆಗಳನ್ನು, ಮೇಜಿನ ಅಡಿಯನ್ನು, ಅರೆ ತೆರೆದ ಉಗ್ರಾಣದ ಬಾಗಿಲನ್ನು.

ಪ್ರತಿ ಗುರುವಾರ ಅವರ ಸುತ್ತು ಇರುತ್ತಿತ್ತು. ಮೊದಲು ದೊಡ್ಡ ಆರ್ಟ್ ಗ್ಯಾಲರಿ, ಆಮೇಲೆ ಗಣಿಯ ಮ್ಯೂಸಿಯಂ, ಆಮೇಲೆ ಹಳೇ ಸಾಮಾನಿನ ಅಂಗಡಿಗಳು, ಕೊನೆಗೆ ಟ್ರಾಮ್ ಇಳಿದು ನಮ್ಮಲ್ಲಿಗೆ. ಎಪ್ಪತ್ತು ದಾಟಿದ ಹೆಂಗಸು. ಗಿಡ್ಡ, ಗಟ್ಟಿ, ಮಂಡಿ ಎರಡೂ ಹೋಗಿದ್ದವು. ಊರಂಚಿನ ವೈಟ್ ಹಿಲ್ಸ್‌ನಲ್ಲಿ ಐವತ್ತು ವರ್ಷ ಟೊಮೆಟೊ ಬೆಳೆದವರು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ಟೊಮೆಟೊ ಬಿಡುವು ಕೊಡಲಿಲ್ಲ ಕಣಪ್ಪ" ಎನ್ನುತ್ತಿದ್ದರು. ಬರುವಾಗ ನನಗೆಂದು ಚೀಲದಲ್ಲಿ ನಾಲ್ಕು ಹಣ್ಣು ತರುತ್ತಿದ್ದರು. ನಾನು ಮಧ್ಯಾಹ್ನಕ್ಕೆ ತಂದ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿಯಲ್ಲಿ ಅರ್ಧ ಅವರಿಗೆ ಕೊಡುತ್ತಿದ್ದೆ. ಹಿಂದಿನ ತೋಟದ ಗುಲಾಬಿ ಪಾತಿಯ ಪಕ್ಕದ ಬೆಂಚಿನಲ್ಲಿ ಕೂತು ಇಬ್ಬರೂ ತಿನ್ನುತ್ತಿದ್ದೆವು.

"ನೀವು ಕಾರ್ನ್‌ವಾಲಿನ ಗಣಿಯೋರು ನೆಲದೊಳಗೆ ಚಿನ್ನ ಅಗೆದ್ರಿ, ನಾವು ಚೀನಾದೋರು ನೆಲದ ಮೇಲೆ ಟೊಮೆಟೊ ಬೆಳೆದ್ವಿ" ಎಂದು ಒಂದು ದಿನ ಹೇಳಿದರು. "ಯಾರ ಹೊಟ್ಟೆ ತುಂಬ್ತು ಹೇಳು ಡೆನ್ಜಿಲ್."

"ಇಬ್ಬರದೂ ತುಂಬಲಿಲ್ಲ. ತುಂಬಿದ್ದು ಈ ಮನೆ ಕಟ್ಟಿಸಿದ ಗಣಿ ಧಣಿ ಟ್ರೆಲೋರ್‌ದು" ಎಂದೆ. ಅವರು ನಕ್ಕರು. ಆಮೇಲೆ ಗುಲಾಬಿಯ ಬುಡ ನೋಡಿ, ಕೃಷಿಕರು ನೋಡುವ ಹಾಗೆ ನೋಡಿ, "ಏನ್ ಮಣ್ಣೋ ಇದು. ಯಾರೋ ಒಳ್ಳೇ ಮೂಳೆಹುಡಿ ಹಾಕಿದಾರೆ ಕಣೋ ಇದಕ್ಕೆ" ಎಂದರು.

ಹುಡುಕುತ್ತಿದ್ದದ್ದು ಏನು ಎಂದು ಅವರು ನನಗೆ ಹೇಳಿದ್ದು ಅದೇ ಬೆಂಚಿನ ಮೇಲೆ, ಹದಿನೈದು ವರ್ಷದ ಗೆಳೆತನವಾದ ಮೇಲೆ.

ಅವರ ತಾತನ ಅಣ್ಣ ಸತ್ತದ್ದು ಈ ಊರಿನಲ್ಲಿ, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ಪರದೇಶದಲ್ಲಿ ಸತ್ತವನನ್ನು ಏಳು ವರ್ಷ ಮಣ್ಣಲ್ಲಿಟ್ಟು, ಮೂಳೆ ತೆಗೆದು, ತೊಳೆದು ಒರೆಸಿ, ಜಾಡಿಯಲ್ಲಿ ಕೂರಿಸಿ ಹುಟ್ಟೂರಿಗೆ ಕಳಿಸುವುದು ಅವರ ಹಳಬರ ಕ್ರಮ. ಕಾಲಿನ ಮೂಳೆ ಕೆಳಗೆ, ತಲೆ ಮೇಲೆ, ಮನುಷ್ಯ ಕೂತ ಹಾಗೆ. ಮುಚ್ಚಳದ ಒಳಮೈಗೆ ಕುಂಚದಲ್ಲಿ ಹೆಸರು. ದೊಡ್ಡಜ್ಜನ ಜಾಡಿ ಸಿದ್ಧವಾಗುವ ಹೊತ್ತಿಗೆ ಚೀನಾದಲ್ಲಿ ಯುದ್ಧ, ಹಡಗು ಹೋಗಲಿಲ್ಲ. ಜಾಡಿ ಟೊಮೆಟೊ ತುಂಬುವ ಶೆಡ್ಡಿನಲ್ಲೇ ಉಳಿಯಿತು. ಅಜ್ಜಿ ದಿನಾ ಅದರ ಮುಂದೆ ಚಹಾ ಇಡುತ್ತಿದ್ದಳಂತೆ. ಒಂಬತ್ತು ವರ್ಷದ ಎಲ್ಮಾ ಒಮ್ಮೆ ಹಣ್ಣಿನ ಪೆಟ್ಟಿಗೆಯನ್ನು ಅದಕ್ಕೆ ಡಿಕ್ಕಿ ಹೊಡೆಸಿ, ಭುಜದ ಹತ್ತಿರ ಒಂದು ಚಕ್ಕೆ ಎಬ್ಬಿಸಿ, ಬೆನ್ನ ಮೇಲೆ ಚೆನ್ನಾಗಿ ಏಟು ತಿಂದಿದ್ದರು.

ಐವತ್ತೆರಡರಲ್ಲಿ ಗುತ್ತಿಗೆ ಮುಗಿಯಿತೆಂದು ಜಮೀನು ಬಿಡಿಸಿದರು. ಜಮೀನು ಟ್ರೆಲೋರ್ ಕುಟುಂಬದ್ದೇ. ಸಾಮಾನು ಸಾಗಿಸುತ್ತಿದ್ದ ಒಂದು ವಾರದಲ್ಲಿ ಜಾಡಿ ಮಾಯವಾಯಿತು. ಎಲ್ಮಾ ಅವರ ಅಪ್ಪ ಯಾರಿಗೂ ಹೇಳಲಿಲ್ಲ. ಮನೆಯ ಹಿರಿಯನನ್ನು ಸಾಮಾನಿನ ಹಾಗೆ ಬಿಟ್ಟು ಬಂದೆ ಎಂದು ಯಾರ ಮುಂದೆ ಹೇಳುತ್ತಾನೆ? ಪ್ರತಿ ಏಪ್ರಿಲ್‌ನಲ್ಲಿ, ಚಿಂಗ್ ಮಿಂಗ್ ಎಂದು ಅವರು ಸಮಾಧಿ ತೊಳೆದು ಹಿರಿಯರಿಗೆ ಊಟ ಇಡುವ ದಿನ, ವೈಟ್ ಹಿಲ್ಸ್ ಸ್ಮಶಾನದಲ್ಲಿ ಮೂಳೆ ತೆಗೆದ ಖಾಲಿ ಕುಣಿಯ ಮುಂದೆ ಮಂಡಿಯೂರಿ ತಪ್ಪಾಯಿತು ಎನ್ನುತ್ತಿದ್ದ. ಸಾಯುವ ತನಕ ಅಂದ.

"ಅಪ್ಪನ ಗೋರಿ ಮುಂದೆ ನಿಂತು ಒಂದೇ ಒಂದು ಮಾತು ಹೇಳಬೇಕು ಕಣೋ" ಎಂದರು ಎಲ್ಮಾ. "'ಸಿಕ್ಕಿದಾನಪ್ಪ' ಅಂತ. ಅಷ್ಟು ಹೇಳಿ ನಾನೂ ಹೋಗ್ತೀನಿ."

ಎಪ್ಪತ್ತೊಂದನೇ ಇಸವಿಯಲ್ಲಿ ಅವರು ಊರಿನ ಎಲ್ಲ ಮ್ಯೂಸಿಯಂಗಳಿಗೂ ಕಾಗದ ಬರೆದು ಕೇಳಿದ್ದರು. ಟ್ರೆಲೋರ್ ಹೌಸ್‌ನಿಂದಲೂ ಉತ್ತರ ಬಂದಿತ್ತು: ಮೂಳೆಯ ಜಾಡಿ ಯಾವುದೂ ನಮ್ಮ ಸಂಗ್ರಹದಲ್ಲಿ ಇಲ್ಲ.

ಹೋದ ಮಾರ್ಚ್‌ನಲ್ಲಿ ನಮ್ಮಲ್ಲಿ 'ಚಿನ್ನದ ಕಾಲದ ಅಡುಗೆಮನೆ' ಎಂಬ ಪ್ರದರ್ಶನ ಶುರುವಾಯಿತು. ನಿರ್ದೇಶಕಿ ಫಿಲಿಪಾ ಉಗ್ರಾಣದಿಂದ ಏನೇನೋ ಹೊರಗೆ ತೆಗೆಸಿದಳು. ಅವಳು ಬಂದು ಎರಡು ವರ್ಷ. ಓದಿದವಳು, ಮೆತ್ತಗೆ ಮಾತಾಡುವವಳು. ಅವಳ ಮೆತ್ತನೆಯ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗುರುವಾರ ಎಲ್ಮಾ ಬಂದರು, ಒಲೆ ದಾಟಿದರು, ಬ್ರೆಡ್ಡಿನ ತಟ್ಟೆ ದಾಟಿದರು, ನಿಂತರು.

ಕಂದು ಬಣ್ಣದ ಜಾಡಿ. ಬಾಯಿಯೊಳಗೆ ಆರು ಮರದ ಸೌಟು ಸಿಗಿಸಿದ್ದರು. ಪಕ್ಕದಲ್ಲಿ ಮುಚ್ಚಳ ಬೋರಲು ಹಾಕಿತ್ತು. ಚೀಟಿಯಲ್ಲಿ 'ಉಪ್ಪಿನಕಾಯಿ ಜಾಡಿ, ಚೀನಾ' ಎಂದಿತ್ತು. ಭುಜದ ಹತ್ತಿರ ಚಕ್ಕೆ ಎದ್ದಿತ್ತು.

ಎಲ್ಮಾ ಹಗ್ಗ ದಾಟಿ ಒಳಗೆ ಹೋಗಿ ಆ ಚಕ್ಕೆಯ ಮೇಲೆ ಹೆಬ್ಬೆರಳಿಟ್ಟರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಅಲಾರಾಂ ಕೂಗಿತು, ಫಿಲಿಪಾ ಓಡಿ ಬಂದಳು.

"ಎಲ್ಮಾ ಅವರೇ, ದಯವಿಟ್ಟು ವಸ್ತುಗಳನ್ನ ಮುಟ್ಟಬೇಡಿ."

"ವಸ್ತು ಅಲ್ಲಮ್ಮ ಇದು. ನಮ್ಮ ದೊಡ್ಡಜ್ಜ. ಆ ಮುಚ್ಚಳ ಮಗುಚಿ. ಒಳಗಡೆ ಹೆಸರಿದೆ."

"ನಿಮ್ಮ ಭಾವನೆ ನಂಗೆ ಅರ್ಥ ಆಗುತ್ತೆ. ಆದ್ರೆ ಅದಕ್ಕೊಂದು ಕ್ರಮ ಇದೆ. ಮೆಲ್ಬರ್ನ್‌ನಿಂದ ತಜ್ಞರು ಬರಬೇಕು. ಒಂದು ಆರು ವಾರ."

"ಅರವತ್ತು ವರ್ಷ ಕಾದೋಳಿಗೆ ಆರು ವಾರ ಯಾವ ಲೆಕ್ಕ. ಕಾಯ್ತೀನಿ. ಆದ್ರೆ ಅವನ ಬಾಯಿಗೆ ಸೌಟು ತುರುಕಿದೀರಲ್ಲ, ಅದನ್ನ ಈಗಲೇ ತೆಗೀರಿ."

ಫಿಲಿಪಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮುಚ್ಚಳ ಮಗುಚಿದ್ದೆ. ಕೈಗವಸು ಕೂಡ ಹಾಕಿರಲಿಲ್ಲ. ಒಳಮೈಯಲ್ಲಿ ಕಪ್ಪು ಮಸಿಯ ಮೂರು ಅಕ್ಷರ, ನಿನ್ನೆ ಬರೆದ ಹಾಗೆ. ಅರವತ್ತು ವರ್ಷ ಇಷ್ಟು ಓದಿದವರ ಮನೆಯಲ್ಲಿದ್ದ ಮುಚ್ಚಳವನ್ನು ಒಬ್ಬರೂ ಮಗುಚಿ ನೋಡಿರಲಿಲ್ಲ. ಅಥವಾ ನೋಡಿದ್ದರು, ಚೀನೀಯರ ಗೀಚು ಅಂದುಕೊಂಡಿದ್ದರು. ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಇವತ್ತಿಗೂ ತಿಳಿಯದು.

"ಇದು ಕ್ವಾಂಗ್" ಎಂದು ಎಲ್ಮಾ ಮೊದಲ ಅಕ್ಷರ ತೋರಿಸಿದರು. "ನನ್ನ ಹೆಸರಲ್ಲೂ ಇದೇ. ಉಳಿದದ್ದು ನಂಗೆ ಓದೋಕೆ ಬರಲ್ಲ." ಆಮೇಲೆ ಒಂದೊಂದೇ ಸೌಟು ಕಿತ್ತು ನೆಲದ ಮೇಲಿಟ್ಟು, ಬಗ್ಗಿ ಒಳಗೆ ನೋಡಿದರು. ಜಾಡಿ ಖಾಲಿ.

"ಒಳಗಿದ್ದವನು ಎಲ್ಲಿ?"

ಉತ್ತರ ಹಳೆಯ ದಾಖಲೆ ಪುಸ್ತಕದಲ್ಲಿತ್ತು. ಕಚೇರಿಯ ಕಪಾಟಿನ ಬೀಗದಕೈ ನನ್ನ ಹತ್ತಿರವೇ ಇತ್ತು. ಹತ್ತೊಂಬತ್ತು ವರ್ಷ ಇತ್ತು, ಒಂದು ದಿನ ತೆಗೆದು ನೋಡಿರಲಿಲ್ಲ. ಟ್ರೆಲೋರ್ ಮನೆಯ ಕೊನೆಯ ಯಜಮಾನಿಯ ದುಂಡು ಅಕ್ಷರ: 'ಗುತ್ತಿಗೆ ಜಮೀನಿನ ಶೆಡ್ಡಿನಿಂದ ತಂದ ಚೀನೀ ಜಾಡಿ, ಒಂದು. ಒಳಗಿದ್ದ ಪ್ರಾಣಿಯ ಮೂಳೆ ಪುಡಿ ಮಾಡಿಸಿ ಗುಲಾಬಿ ಪಾತಿಗೆ.'

ಪ್ರಾಣಿಯ ಮೂಳೆ. ಮೇಲುಗಡೆಯೇ ತಲೆಬುರುಡೆ ಇತ್ತು. ಮುಚ್ಚಳ ತೆಗೆದವಳಿಗೆ ಮೊದಲು ಕಂಡದ್ದೇ ಅದು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಇವಳಿಗೆ ಅಷ್ಟು ನೆವವನ್ನೂ ಯಾರಿಗೂ ಕೊಡಬೇಕಾಗಿ ಬರಲಿಲ್ಲ. ಆ ಗುಲಾಬಿಗೆ ಮೂರು ಸಲ ಬಹುಮಾನ ಬಂದಿದೆ. ಪದಕಗಳು ಹಜಾರದಲ್ಲಿ ತೂಗಾಡುತ್ತಿವೆ, ಅವುಗಳ ಧೂಳು ಒರೆಸುತ್ತಿದ್ದವನು ನಾನು.

ನಾನು ಆ ಸಾಲು ಓದಿ ಹೇಳಿದಾಗ ಎಲ್ಮಾ ಅಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಮ್ಮ ಬೆಂಚನ್ನು ನೋಡಿದರು. "ಹದಿನೈದು ವರ್ಷ ಅವನ ಪಕ್ಕದಲ್ಲಿ ಕೂತು ಪ್ಯಾಸ್ಟಿ ತಿಂದೆ" ಎಂದರು. "ಮಣ್ಣು ಚೆನ್ನಾಗಿದೆ ಅಂದೆ."

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂದಿನಿಂದ ಸಭೆಗಳು ಶುರುವಾದವು. ಫಿಲಿಪಾ ಎಲ್ಮಾ ಅವರನ್ನು ಕೂರಿಸಿ ಚಹಾ ಕೊಟ್ಟು ಹೇಳಿದಳು: ಎರಡು ಭಾಷೆಯಲ್ಲಿ ಹೊಸ ಫಲಕ ಹಾಕಿಸುತ್ತೇವೆ, ಪಾತಿಯ ಪಕ್ಕ ದೊಡ್ಡಜ್ಜನ ಹೆಸರಿನ ಕಲ್ಲು ಇಡುತ್ತೇವೆ, ಒಂದು ಪುಟ್ಟ ಸಮಾರಂಭ ಮಾಡೋಣ, ಜಾಡಿ ವಾಪಸು ಕೊಡುವ ವಿಷಯ ಸಮಿತಿಯ ಮುಂದಿಡುತ್ತೇನೆ.

"ಕಲ್ಲು ಬೇಡ. ಅವನು ಬೇಕು. ಪಾತಿ ಅಗೀಬೇಕು" ಎಂದರು ಎಲ್ಮಾ.

"ಅದಾಗಲ್ಲ. ಆ ಪಾತಿ ಸರ್ಕಾರದ ಪಾರಂಪರಿಕ ಪಟ್ಟಿಯಲ್ಲಿದೆ. ಒಂದು ಗುದ್ದಲಿ ಹಾಕೋ ಹಾಗಿಲ್ಲ."

"ಗುಲಾಬಿ ಪಟ್ಟಿಯಲ್ಲಿದೆ. ನಮ್ಮ ದೊಡ್ಡಜ್ಜ ಯಾವ ಪಟ್ಟಿಯಲ್ಲಿದಾನೆ ತಾಯಿ?"

ನಾನು ಬಾಗಿಲ ಬಳಿ ನಿಂತಿದ್ದೆ. ಎಲ್ಮಾ ಹೊರಗೆ ಬರುವಾಗ ನನ್ನ ಕಡೆ ನೋಡಿ, "ಮುಂದಿನ ಗುರುವಾರ ಚಿಂಗ್ ಮಿಂಗ್" ಎಂದಷ್ಟೇ ಅಂದರು.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದಾಗ ಅವರು ಮೆಟ್ಟಿಲ ಮೇಲೆ ನಿಂತಿದ್ದರು. ಟೊಮೆಟೊ ಹೊಲದಲ್ಲಿ ಬಳಸುತ್ತಿದ್ದ ಹಾರೆಗೋಲನ್ನು ಗೋಣಿಯಲ್ಲಿ ಸುತ್ತಿ ಟ್ರಾಮಿನಲ್ಲಿ ತಂದಿದ್ದರು. ಚೀಲದಲ್ಲಿ ಕಿತ್ತಳೆ, ಊದುಬತ್ತಿ. ನಾನು ಒಳಗೆ ಹೋಗಿ, ಹಗ್ಗ ಬಿಚ್ಚಿ, ಜಾಡಿಯನ್ನು ಎದೆಗವಚಿಕೊಂಡು ಹಜಾರದ ಮಧ್ಯದಿಂದ, ಪದಕಗಳ ಕೆಳಗಿನಿಂದ ತೋಟಕ್ಕೆ ನಡೆದೆ. ಅಲಾರಾಂ ಬಾಯಿ ಬಡಿದುಕೊಳ್ಳುತ್ತಿತ್ತು.

ಎಲ್ಮಾ ಆಗಲೇ ಮೊದಲ ಗಿಡ ಬುಡಮೇಲು ಮಾಡಿದ್ದರು. ಮಂಡಿ ಹೋದ ಹೆಂಗಸು, ಆದರೆ ಹಾರೆಗೋಲು ಎಲ್ಲಿಗೆ ಹಾಕಬೇಕು, ಯಾವಾಗ ಮೈಭಾರ ಬಿಡಬೇಕು ಎಂದು ಆ ಕೈಗಳಿಗೆ ಗೊತ್ತಿತ್ತು. ಗಿಡಗಳನ್ನು ಬಿಸಾಡಲಿಲ್ಲ. ಬೇರಿನ ಮಣ್ಣನ್ನು ಗೋಣಿಯ ಮೇಲೆ ಕೊಡವಿ, ಒಂದೊಂದನ್ನೂ ಬೆಂಚಿಗೆ ಒರಗಿಸಿಟ್ಟರು. ನಾನು ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ಮಾಡಿ ಹುಡುಕಿದೆ. ಒಂದು ಚೂರು, ಒಂದು ಹಲ್ಲು, ಏನಾದರೂ ಸಿಕ್ಕೀತು ಎಂದು. ಅರವತ್ತು ವರ್ಷದಲ್ಲಿ ಗುಲಾಬಿ ಎಲ್ಲವನ್ನೂ ತಿಂದು ಮುಗಿಸಿತ್ತು. ಕಪ್ಪು ಮಣ್ಣು, ಎರೆಹುಳು, ಬೇರು, ಅಷ್ಟೇ.

"ಕಾವಲುಗಾರನನ್ನ ಕರೀರಿ ಯಾರಾದ್ರೂ" ಎಂದು ಫಿಲಿಪಾ ಬಾಗಿಲಲ್ಲಿ ನಿಂತು ಕೂಗಿದಳು.

"ಕಾವಲುಗಾರ ನಾನೇ" ಎಂದೆ, ಮಣ್ಣಿನಲ್ಲಿ ಕೂತೇ.

"ನಿನ್ನ ಕೆಲಸ ಹೋಯ್ತು ಅಂದ್ಕೋ ಡೆನ್ಜಿಲ್."

"ಹತ್ತೊಂಬತ್ತು ವರ್ಷ ನಾನು ಕಾದದ್ದು ಇದನ್ನ. ಇಂಥ ಕೆಲಸ ಹೋದ್ರೆ ಹೋಗಲಿ."

ಅವಳು ಫೋನ್ ಕೈಯಲ್ಲಿ ಹಿಡಿದು ಪಾತಿಯ ಅಂಚಿನವರೆಗೆ ಬಂದಳು. ಪೊಲೀಸರನ್ನು ಕರೆಯುತ್ತೇನೆ ಎಂದಳು, ಆದರೆ ಕರೆಯಲಿಲ್ಲ. ಎಲ್ಮಾ ಜಾಡಿಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ನೆಲದಲ್ಲಿ ಕೂತಿದ್ದರು. ಪಕ್ಕದ ಗೋಣಿಯ ಮೇಲೆ ಮಣ್ಣಿನ ರಾಶಿ. ಎರಡು ಕೈಯಲ್ಲೂ ಮಣ್ಣು ತೆಗೆದುಕೊಂಡರು, ಜಾಡಿಯ ಬಾಯಿಯವರೆಗೆ ಒಯ್ದರು, ಅಲ್ಲೇ ತಡೆದರು. ಮೊದಲ ಸಲ ಆ ಕೈಗಳು ಏನು ಮಾಡಬೇಕೆಂದು ತಿಳಿಯದೆ ನಿಂತದ್ದನ್ನು ನಾನು ಕಂಡೆ.

"ಕಾಲು ಕೆಳಗೆ ಇಡಬೇಕು, ತಲೆ ಮೇಲೆ" ಎಂದರು. ನನಗಲ್ಲ, ಫಿಲಿಪಾಗೆ. ದನಿ ಏರಿಸಲಿಲ್ಲ. "ನೀವು ಓದಿದೋರು. ನಿಮ್ಮ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದೀರಿ. ಇದರಲ್ಲಿ ಕಾಲು ಯಾವುದು, ತಲೆ ಯಾವುದು, ಹೇಳಿ."

ಫಿಲಿಪಾ ಫೋನ್ ಕೆಳಗಿಳಿಸಿದಳು.

"ಹೇಳಿ ತಾಯಿ" ಎಂದರು ಎಲ್ಮಾ, ಮಣ್ಣು ಹಿಡಿದ ಎರಡೂ ಕೈಗಳನ್ನು ಅವಳ ಕಡೆಗೆ ಚಾಚಿ. "ಅಪ್ಪನಿಗೆ ನಾನು ಹೇಳಬೇಕು."