ಊರ ಹೆಸರಿನ ಫಾಂಟುಗಳು

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಎಲೆಕ್ಷನ್ ಬಂದರೆ ಕರಪತ್ರ. ನನ್ನ ಕಂಪ್ಯೂಟರಿನ ಕನ್ನಡ ಫಾಂಟುಗಳನ್ನು ಮಾಡಿಕೊಟ್ಟವನು ತಿ. ನರಸೀಪುರದಲ್ಲಿ ಪ್ರೆಸ್ ಇಟ್ಟಿದ್ದ ಗೆಳೆಯ. ಯಾವ ಊರಿನ ಗಿರಾಕಿಗೆಂದು ಮೊದಲು ಮಾಡಿದನೋ ಆ ಊರಿನ ಹೆಸರನ್ನೇ ಫಾಂಟಿಗೂ ಇಡುವುದು ಅವನ ರೂಢಿ. ಹುಲ್ಲಹಳ್ಳಿ ಎಂದರೆ ದಪ್ಪಕ್ಷರ, ಓಡುವ ಬಸ್ಸಿನಲ್ಲಿ ಕೂತವರಿಗೂ ಕಾಣುವಂಥದ್ದು. ತಾಂಡವಪುರ ಸಣಕಲು, ಬಿಲ್ ಬುಕ್ಕಿಗೆ. ಮೂಗೂರು ಮಾತ್ರ ದುಂಡಗೆ. ಓದಲು ಬಾರದ ನನ್ನ ಸೋದರತ್ತೆ ಆರಿಸಿದ್ದೂ ಅದನ್ನೇ.

"ಇವು ನೋಡ್ಲಾ, ಉಂಡ್ಕಂಡ್ ಬಂದಂಗವೆ. ಮಿಕ್ಕವೆಲ್ಲ ಉಪಾಸ ಬಿದ್ದವೆ."

ಅತ್ತೆ ಇರುವುದು ನರಸೀಪುರದಲ್ಲಿ. ನಾನು ಮಾತು ಕಲಿತದ್ದೇ ಅವಳ ಮಡಿಲಲ್ಲಿ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವಳು. ಅರಿಶಿನ ಹಚ್ಚುವಾಗ ಒಂದು, ಧಾರೆಗೆ ಒಂದು, ಬೀಗರನ್ನು ಹೀಯಾಳಿಸಲು ಬೇಕಾದಷ್ಟು. ಮೊಮ್ಮಗಳ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ತನ್ನ ಸೋಬಾನೆ ಪದಗಳ ಪುಸ್ತಕ ಹಾಕಿಕೊಡಬೇಕೆಂಬುದು ಅವಳ ಆಸೆ. ಸೋಮವಾರ ದೇವಸ್ಥಾನಕ್ಕೆ ಬಂದವಳು ಅಂಗಡಿಯಲ್ಲಿ ಕೂತು ಹೇಳುವುದು, ನಾನು ಮೂಗೂರಿನಲ್ಲಿ ಟೈಪು ಮಾಡುವುದು. ಪ್ರಿಂಟು ತೆಗೆಯುವುದು ಎಲ್ಲ ಪದ ಮುಗಿದ ಮೇಲೆ ಎಂದುಕೊಂಡಿದ್ದೆವು. ಈ ನಡುವೆ ಗೆಳೆಯ ತೀರಿಕೊಂಡ. ಅವನ ಮನೆಯವರು ಕಂಪ್ಯೂಟರನ್ನು ಗುಜರಿಗೆ ಹಾಕಿದರು.

ಅಂಗಡಿಯಲ್ಲಿ ನನ್ನ ಪಾಲುದಾರ ಹೆಂಡತಿಯ ತಮ್ಮ. ಬೇರೆಯವರ ಮೇಜಿನ ಮೇಲಿನ ಪೆನ್ನನ್ನೂ ನೇರ ಮಾಡಿಯೇ ಕೂರುವ ಮನುಷ್ಯ. ನಾನು ಮೈಸೂರಿಗೆ ಕಾರ್ಡು ತರಲು ಹೋಗಿದ್ದ ದಿನ, ಕಂಪ್ಯೂಟರ್ ತೆವಳುತ್ತಿದೆಯೆಂದು ಫಾಂಟುಗಳನ್ನು ಒಪ್ಪ ಮಾಡಲು ಕೂತಿದ್ದಾನೆ.

"ನೋಡಿ ಭಾವ, ಎಷ್ಟ್ ಕ್ಲೀನಾಗೈತೆ!"

"ಮೂಗೂರು ಎಲ್ಲಪ್ಪಾ?"

"ಊರೆಸ್ರಿನವಾ? ಅಳೇ ಗಿರಾಕಿಗಳ್ ಫೈಲು ಅನ್ಕಂಡು ತೆಗ್ದಾಕ್ದೆ. ಕಾರ್ಡ್ ಕೊಟ್ಟಾಯ್ತಲ್ಲ, ಇನ್ಯಾಕೆ?"

ಬೇರೆ ಫೈಲು ಅಳಿಸಿದರೆ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಾದರೂ ಸಿಗುತ್ತದೆ. ಅಳಿಸಿದ ಫಾಂಟು ಅಲ್ಲಿಯೂ ಇರಲಿಲ್ಲ. ಅತ್ತೆಯ ಪದಗಳನ್ನು ತೆರೆದೆ. ಫಾಂಟು ಹೋದದ್ದರಿಂದ ಕನ್ನಡದ ಬದಲು ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅರ್ಥವಿಲ್ಲದ ಗೀಟು, ಚುಕ್ಕೆ. ಗೆಳೆಯ ಕೊಟ್ಟಿದ್ದ ಸಿಡಿ ಗೀರು ಬಿದ್ದು ತೆರೆಯಲೇ ಇಲ್ಲ. ಅವನು ಒತ್ತಕ್ಷರಗಳನ್ನು ತನಗೆ ತೋಚಿದ ಕಡೆ ಕೂರಿಸಿದ್ದರಿಂದ, ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಾಫ್ಟ್‌ವೇರಿಗೂ ಅದು ಬಗ್ಗಲಿಲ್ಲ. ಕಂಪ್ಯೂಟರನ್ನು ಮೈಸೂರಿನ ರಿಪೇರಿ ಅಂಗಡಿಗೆ ಹೊತ್ತೊಯ್ದು ತೋರಿಸಿದೆ, ಅವರೂ ಕೈಚೆಲ್ಲಿದರು.

"ಅಜ್ಜಮ್ಮನ್ ಪದ ತಾನೆ ಭಾವ? ಇನ್ನೊಂದ್ಸಲ ಏಳ್ಸಿ ಬರ್ಕಳಿ," ಎಂದ ಭಾವಮೈದ. ಹೇಳಿದವನು ಮತ್ತೆ ಪೆನ್ನುಗಳನ್ನು ಜೋಡಿಸತೊಡಗಿದ. ಅವನನ್ನು ಬೈದೆ; ಬೈದದ್ದಕ್ಕೆ ಹೆಂಡತಿ ಒಂದು ವಾರ ಮಾತು ಬಿಟ್ಟಳು.

ಬೇರೆ ದಾರಿಯಿಲ್ಲದೆ ನರಸೀಪುರಕ್ಕೆ ಹೋದೆ. ಅತ್ತೆ ನಕ್ಕಳು.

"ಕಾಣೆ ಆದ್ವಾ? ಅವೇನ್ ಕುರಿಗಳೇನ್ಲಾ ತಪ್ಪಿಸ್ಕಳಾಕೆ? ಬರ್ಕೋ."

ಒಂದು ಪದ ಎತ್ತಿದಳು, ಮೂರನೆಯ ಸಾಲಿಗೆ ನಿಂತಳು. ಇನ್ನೊಂದು ಎತ್ತಿದಳು. ಅದೂ ಹಾಗೆಯೇ. ಅವಳ ನಗು ಹೋಯಿತು.

"ಬಾಯ್ಗೇ ಬತ್ತಾ ಇಲ್ಲ ಕಣ್ ಮಗಾ. ನಿನ್ ಪೆಟ್ಗೇಲವೆ ಅಂತ ಧೈರ್ವಾಗಿದ್ದೆ. ಬರ್ಸಾದ್ ಮ್ಯಾಕೆ ನಾನ್ಯಾಕ್ ಒತ್ಕಂಡ್ ತಿರುಗ್ಲಿ ಅಂತ ಬುಟ್ಟೇಬುಟ್ಟಿದ್ದೆ."

ಅದು ಅವಳ ವಯಸ್ಸಿನ ಮರೆವೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಒಮ್ಮೆಯೂ ನಂಬಿಲ್ಲ.

ಮೊಮ್ಮಗಳ ಮದುವೆ ನಡೆಯಿತು. ಧಾರೆಯ ಹೊತ್ತಿಗೆ ಹೆಂಗಸರು ಅತ್ತೆಯ ಕೈಗೆ ಮೈಕು ಕೊಟ್ಟರು. ಶುರು ಮಾಡಿದಳು, ನಿಂತಳು. ಮೊದಲಿನಿಂದ ಹಿಡಿದಳು, ಅಲ್ಲಿಯೇ ನಿಂತಳು.

"ಮುಂದಿಂದ್ ಹೇಳಕ್ಕಾ," ಎಂದರು ಯಾರೋ.

ಅತ್ತೆ ನನ್ನ ಕಡೆ ಕೈ ತೋರಿದಳು. "ಮುಂದ್ಲದು ಅವನ್ ತಾವೈತೆ. ಅವನ್ನ ಕೇಳ್ರವ್ವಾ."

ಎಲ್ಲರೂ ನನ್ನತ್ತ ತಿರುಗಿದರು. ಮುಹೂರ್ತ ಮೀರುತ್ತದೆಂದು ಒಬ್ಬ ಹೆಂಗಸು ಮೊಬೈಲಿನಲ್ಲಿ ಒಂದು ಸೋಬಾನೆ ಹುಡುಕಿ ಮೈಕಿಗೆ ಹಿಡಿದಳು. ಅತ್ತೆ ಅದಕ್ಕೇ ತುಟಿ ಆಡಿಸಲು ನೋಡಿದಳು. ಅದು ನಮ್ಮ ಕಡೆಯ ಪದವಲ್ಲ.